ನಾಣ್ಯ ಪ್ರಶ್ನೋತ್ತರ: ಪೆಟ್ಟಿಗೆಯ ಗೂಬೆ ಅಸಲಿಯೇ?

ಪ್ರಶ್ನೆ: ಅಜ್ಜನ ಪೆಟ್ಟಿಗೆಯಲ್ಲಿ ದಪ್ಪ ಬೆಳ್ಳಿ ನಾಣ್ಯವೊಂದು ಸಿಕ್ಕಿದೆ. ಒಂದು ಬದಿ ಶಿರಸ್ತ್ರಾಣ ತೊಟ್ಟ ಹೆಣ್ಣಿನ ಮುಖ, ಇನ್ನೊಂದು ಬದಿ ಗೂಬೆ. ಅಕ್ಕಸಾಲಿಗರ ತಕ್ಕಡಿಯಲ್ಲಿ 14.2 ಗ್ರಾಂ ತೂಗಿತು. ಗ್ರೀಕರದ್ದೇ ಹೌದೆ?
– ಓದುಗರು, ಕಾರವಾರ

ಉತ್ತರ: ಚಿತ್ರವೇನೋ ಅಥೆನ್ಸಿನ ಟೆಟ್ರಾಡ್ರಾಕ್ಮದ್ದು, ಅಂದರೆ ಗ್ರೀಕರ ನಾಲ್ಕು ಡ್ರಾಕ್ಮ ಬೆಲೆಯ ಬೆಳ್ಳಿ ನಾಣ್ಯ. ಮುಖ ಅಥೀನಾ ದೇವಿಯದು. ತೂಕ ಮಾತ್ರ ಹೊಂದುವುದಿಲ್ಲ, ಅಸಲಿ 17.2 ಗ್ರಾಂ ಆಸುಪಾಸು ಇರಬೇಕು. ಹಾಗೆಂದು ತೂಕವೊಂದನ್ನೇ ನಂಬಿ ಎಸೆಯಬೇಡಿ. ಯುದ್ಧದ ಮುಗ್ಗಟ್ಟಿನಲ್ಲಿ, ಕ್ರಿ.ಪೂ. 406ರ ಸುಮಾರಿಗೆ, ತಾಮ್ರಕ್ಕೆ ಬೆಳ್ಳಿ ಹೊದಿಸಿದ ನಾಣ್ಯಗಳನ್ನು ಅಥೆನ್ಸೇ ಹೊರಡಿಸಿತ್ತು!

ಮೊದಲು ಲೋಹದ ಸಾಂದ್ರತೆ ನೋಡಿ. 0.01 ಗ್ರಾಂ ತೋರಿಸುವ ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಸೊನ್ನೆ ಮಾಡಿ. ನಾಣ್ಯಕ್ಕೆ ತೆಳು ದಾರ ಕಟ್ಟಿ ಪೂರ್ತಿ ಮುಳುಗಿಸಿ ಹಿಡಿಯಿರಿ. ತಳಕ್ಕೆ ತಾಗಿದರೆ ಲೆಕ್ಕ ಕೆಡುತ್ತದೆ. ಮೈಗೆ ಗುಳ್ಳೆ ಅಂಟಿದ್ದರೆ ಅಂಕಿ ಹೆಚ್ಚು ಬಂದು ಒಳ್ಳೆಯ ಬೆಳ್ಳಿಯೂ ಕಳಪೆಯಂತೆ ಕಾಣುತ್ತದೆ. 14.2ನ್ನು ತಕ್ಕಡಿ ಆಗ ತೋರಿಸುವ ಅಂಕಿಯಿಂದ ಭಾಗಿಸಿ. ಒಳ್ಳೆಯ ಬೆಳ್ಳಿಯಾದರೆ 1.37ರ ಹತ್ತಿರ ತೋರಿಸಿ, ಸಾಂದ್ರತೆ 10.4 ಬರಬೇಕು. 1.67 ತೋರಿಸಿದರೆ ಸಾಂದ್ರತೆ 8.5, ಅದು ಹಿತ್ತಾಳೆ. ಒಳಗೆ ತಾಮ್ರವಿದ್ದರೆ 9ರ ಆಚೀಚೆ.

ಆಮೇಲೆ ಭೂತಗನ್ನಡಿಯಲ್ಲಿ ಅಂಚು ನೋಡಿ. ಸುತ್ತಲೂ ಗೆರೆ ಅಥವಾ ಅದನ್ನು ಅರದಿಂದ ಉಜ್ಜಿದ ಗುರುತು, ಮೈಮೇಲೆ ಸೂಜಿಮೊನೆಯಷ್ಟು ಗುಳಿಗಳು ಕಂಡರೆ ಎರಕದ ನಕಲು. ಅಸಲಿಯದು ಸುತ್ತಿಗೆ ಏಟಿಗೆ ಹರಡಿದ ಅಂಚು, ಅಲ್ಲಲ್ಲಿ ಬಿರುಕು ಬಿಟ್ಟಿರುತ್ತದೆ. ಗೂಬೆಯ ಹಿಂದೆ ಆಲಿವ್ ಎಲೆ, ಸಣ್ಣ ಚಂದ್ರ. ಮುಂದೆ ಆಲ್ಫಾ, ಥೀಟಾ, ಎಪ್ಸಿಲಾನ್ ಎಂಬ ಮೂರು ಅಕ್ಷರ. ಪಕ್ಕಕ್ಕೆ ತಿರುಗಿದ ಮುಖದಲ್ಲಿ ಕಣ್ಣು ಮಾತ್ರ ಎದುರಿನಿಂದ ಕಂಡಂತಿದ್ದರೆ ಕ್ರಿ.ಪೂ. 5ನೇ ಶತಮಾನದ ಶೈಲಿ. ಕಣ್ಣೂ ಪಕ್ಕದಿಂದ ಕಂಡಂತಿದ್ದರೆ 4ನೆಯದು.

ಪ್ರಶ್ನೆ: ಅಡಿಕೆ ತೋಟದ ಅಗಳು ತೋಡುವಾಗ ಸಿಕ್ಕಿದ್ದೆಂದು ಒಬ್ಬರು ಮಿನಾಂಡರ್ ನಾಣ್ಯ ಮಾರಲು ಬಂದಿದ್ದಾರೆ. ಕೊಳ್ಳಬಹುದೆ?
– ಓದುಗರು, ಶಿರಸಿ

ಉತ್ತರ: ಬೇಡ. ಮಿನಾಂಡರ್ ಎಂಬ ಗ್ರೀಕ್ ರಾಜ, ಅಂದರೆ ಬೌದ್ಧ ಗ್ರಂಥಗಳ ಮಿಲಿಂದ, ಆಳಿದ್ದು ವಾಯವ್ಯ ಭಾರತವನ್ನು. ಅವನ ಡ್ರಾಕ್ಮಗಳು ಭರೂಚ್ ಬಂದರಿನಲ್ಲಿ ಚಲಾವಣೆಯಲ್ಲಿದ್ದುದನ್ನು ‘ಪೆರಿಪ್ಲಸ್’ ಎಂಬ ಹಳೆಯ ಗ್ರೀಕ್ ಕಡಲಯಾನದ ಕೈಪಿಡಿ ಹೇಳುತ್ತದೆ, ನಿಜ. ಆದರೆ ಅಗಳಿನ ಕತೆ ಸುಳ್ಳಾದರೆ ನಾಣ್ಯವೂ ಸಂಶಯವೇ. ನಿಜವಾದರೆ ಕರ್ನಾಟಕದ 1962ರ ನಿಧಿ ಕಾಯ್ದೆಯಂತೆ ಸಿಕ್ಕ ನಿಧಿಯನ್ನು ಜಿಲ್ಲಾಧಿಕಾರಿಗೆ ತಿಳಿಸಲೇಬೇಕು. ಅಸಲಿಯ ಗುರುತು ಬೇಕಿದ್ದರೆ: ತೂಕ 2.45 ಗ್ರಾಂ ಸುಮಾರು, ರಾಜನ ಮುಖದ ಬದಿ ಗ್ರೀಕ್ ಲಿಪಿ, ಸಿಡಿಲೆಸೆಯುವ ಅಥೀನಾಳ ಬದಿ ವಾಯವ್ಯ ಭಾರತದ ಹಳೆಯ ಲಿಪಿಯಾದ ಖರೋಷ್ಠಿ. ಎರಡೂ ಬದಿ ಗ್ರೀಕೇ ಇದ್ದರೆ ಅಲ್ಲಿಗೇ ಬಿಡಿ.

ಪ್ರಶ್ನೆ: ಮಳೆಗಾಲದಲ್ಲಿ ಬೆಳ್ಳಿ ನಾಣ್ಯ ಕಪ್ಪಾಗುತ್ತದೆ. ವಿಭೂತಿ ಹಾಕಿ ತಿಕ್ಕಲೆ?
– ಓದುಗರು, ಕುಮಟಾ

ಉತ್ತರ: ವಿಭೂತಿಯೂ ಬೇಡ, ಹುಣಸೆಯೂ ಬೇಡ. ತಿಕ್ಕಿದರೆ ಕೆತ್ತನೆ ಸವೆಯುತ್ತದೆ, ಬೆಲೆಯೂ ಹೋಗುತ್ತದೆ. ಕಪ್ಪು ಹಾಗೇ ಇರಲಿ. ಮೆತ್ತನೆಯ ಪಿವಿಸಿ ಹಾಳೆಯಿಂದ ತೆಗೆದುಬಿಡಿ, ಅದು ಹಸಿರು ಅಂಟು ಬಿಡುತ್ತದೆ. ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡಿ; ಕಡಲ ಬದಿಯ ಜೂನ್–ಸೆಪ್ಟೆಂಬರಿನಲ್ಲಿ ಪೊಟ್ಟಣವನ್ನು ಮೇಲಿಂದ ಮೇಲೆ ಬದಲಿಸಬೇಕಾಗುತ್ತದೆ.