ಬಳಗದ ಹೆಸರಿದೆ, ಕೆಲಸ ಎಲ್ಲಿಂದ ಶುರು?

ಪ್ರಶ್ನೆ: ವಿದ್ಯಾರ್ಥಿವೇತನ ಪಡೆದು ವಿದೇಶದಲ್ಲಿ ಓದಿ ಮರಳಿದವನು ನಾನು. ನಮ್ಮ ಹಳೆಯ ವಿದ್ಯಾರ್ಥಿಗಳ ಬಳಗ ಹಲವು ದೇಶಗಳಲ್ಲಿ ಹರಡಿಕೊಂಡಿದ್ದರೂ ಅಲ್ಲಿ ನಡೆಯುವುದು ಅಭಿನಂದನೆಗಳ ವಿನಿಮಯ ಮಾತ್ರ. ಬೇರೆ ಬೇರೆ ದೇಶಗಳಲ್ಲಿರುವ ನಾವು ಮೂವರು ಕುಡಿಯುವ ನೀರಿನ ಸಮಸ್ಯೆ ಕುರಿತು ಒಟ್ಟಾಗಿ ಕೆಲಸ ಮಾಡಬೇಕೆಂದಿದ್ದೇವೆ. ಮೊದಲು ಸಂಸ್ಥೆಯೊಂದನ್ನು ನೋಂದಾಯಿಸಿ ಹಣ ಸಂಗ್ರಹಿಸಬೇಕೆ?

ಉತ್ತರ: ಸದ್ಯಕ್ಕೆ ಎರಡೂ ಬೇಡ. ವಿದೇಶಿ ದೇಣಿಗೆಗೆ ಅನೇಕ ದೇಶಗಳಲ್ಲಿ ಬಿಗಿಯಾದ ಕಾನೂನುಗಳಿವೆ. ಮೂವರ ಉತ್ಸಾಹವೆಲ್ಲ ಕಾಗದಪತ್ರಗಳಲ್ಲೇ ಕರಗಿಹೋದೀತು.

ನಿಮ್ಮ ಬಂಡವಾಳ ಬೇರೆಯೇ ಇದೆ. ಬ್ರಿಟನ್ ಸರ್ಕಾರದ ಚೀವ್ನಿಂಗ್ ವಿದ್ಯಾರ್ಥಿವೇತನ ಪಡೆದವರು ಓದು ಮುಗಿದ ಮೇಲೆ ಕನಿಷ್ಠ 2 ವರ್ಷ ಸ್ವದೇಶದಲ್ಲಿರಬೇಕು. ಫುಲ್‌ಬ್ರೈಟ್ ಪಡೆದು ಅಮೆರಿಕಕ್ಕೆ ಹೋಗುವವರಿಗೂ ಇಂಥದೇ ಷರತ್ತು. ಓದುವಾಗ ಕಿರಿಕಿರಿ ಎನಿಸುವ ಈ ನಿಯಮದಿಂದಾಗಿಯೇ ಒಂದೇ ತರಗತಿಯಲ್ಲಿ ಕುಳಿತವರು ಮುಂದೆ ತಂತಮ್ಮ ದೇಶಗಳ ಇಲಾಖೆ, ಪ್ರಯೋಗಾಲಯ, ಶಾಲೆಗಳಲ್ಲಿ ಸೇರಿಕೊಂಡಿರುತ್ತಾರೆ. ಯಾವ ಮಾಹಿತಿ ಯಾರ ಮೇಜಿನ ಮೇಲಿದೆ, ಯಾವ ಅಂಕಿಯನ್ನು ನಂಬಬಹುದು ಎಂಬುದು ಅವರಿಗೆ ತಿಳಿದಷ್ಟು ಹೊರಗಿನಿಂದ ಬಂದ ತಜ್ಞರಿಗೆ ತಿಳಿಯುವುದಿಲ್ಲ.

ಆದ್ದರಿಂದ ಮೂರೂ ಕಡೆಯ ನೀರಿನ ಪರೀಕ್ಷೆಯ ಅಂಕಿಅಂಶಗಳನ್ನು ಒಂದೇ ಕೋಷ್ಟಕಕ್ಕೆ ತರುವುದರಿಂದ ಆರಂಭಿಸಿ. ಇದು ಕಾಣುವಷ್ಟು ಸುಲಭವಲ್ಲ. ನೀರಿನಲ್ಲಿ ಸೇರಿರಬಹುದಾದ ಆರ್ಸೆನಿಕ್ ಎಂಬ ವಿಷಕಾರಿ ಅಂಶವನ್ನೇ ನೋಡಿ: ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯಲ್ಲಿ ಅದರ ಮಿತಿ ಲೀಟರಿಗೆ 10 ಮೈಕ್ರೊಗ್ರಾಂ, ಬಾಂಗ್ಲಾದೇಶದ ಮಾನದಂಡದಲ್ಲಿ 50. ಅಲ್ಲಿ ಪರೀಕ್ಷಿಸಿದ ಕೈಪಂಪುಗಳಿಗೆ ಮಿತಿ ಮೀರಿದ್ದರೆ ಕೆಂಪು, ಇಲ್ಲದಿದ್ದರೆ ಹಸಿರು ಬಣ್ಣ ಬಳಿದರು. ಅಂದರೆ 30 ಮೈಕ್ರೊಗ್ರಾಂ ಇರುವ ಹಸಿರು ಪಂಪು, 10ರ ಮಿತಿ ಪಾಲಿಸುವ ದೇಶದವರ ಪಟ್ಟಿಯಲ್ಲಿ ಅಪಾಯದ ಸಾಲಿಗೆ ಸೇರುತ್ತದೆ. ಹೀಗಾಗಿ ‘ಸುರಕ್ಷಿತ’ ಎಂದಷ್ಟೇ ಬರೆಯದೆ, ಅಳೆದ ಪ್ರಮಾಣ, ವಿಧಾನ ಮತ್ತು ದಿನಾಂಕವನ್ನು ದಾಖಲಿಸಬೇಕು. ಇಷ್ಟನ್ನು ತಾಳ್ಮೆಯಿಂದ ಮಾಡಿದ ಬಳಗಕ್ಕೆ ಮುಂದೇನು ಮಾಡಬೇಕೆಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಸಮಸ್ಯೆ ಯಾವ ಊರಿನದೋ ಅಲ್ಲಿರುವವರ ಮಾತೇ ಕೊನೆಯದಾಗಿರಲಿ. ಇಂಗ್ಲಿಷಿನಲ್ಲಿ ಚೆನ್ನಾಗಿ ವರದಿ ಬರೆಯಬಲ್ಲವರೇ ನಾಯಕರಾಗಿಬಿಡುವುದು ಇಂಥ ಬಳಗಗಳ ಹಳೆಯ ಚಾಳಿ.

ಹಣದ ಮಾತು ಆಮೇಲೆ. ಅಮೆರಿಕದ ವಿದೇಶಾಂಗ ಇಲಾಖೆ ತನ್ನ ವಿನಿಮಯ ಕಾರ್ಯಕ್ರಮಗಳ ಹಳೆಯ ವಿದ್ಯಾರ್ಥಿಗಳ ತಂಡಗಳಿಗಾಗಿ 2011ರಲ್ಲಿ ಪ್ರತ್ಯೇಕ ನಿಧಿಯೊಂದನ್ನು ಆರಂಭಿಸಿತು. ಇಂಥ ಕಡೆ ಅರ್ಜಿ ಹಾಕುವಾಗ ಆಶಯಗಳ ಪುಟಗಳಿಗಿಂತ ನೀವು ಆಗಲೇ ಸಿದ್ಧಪಡಿಸಿದ ಕೋಷ್ಟಕವೇ ಹೆಚ್ಚು ತೂಕದ್ದು.

ಪ್ರಶ್ನೆ: ನಮ್ಮ ಅಭಿಯಾನದ ಪತ್ರಗಳಲ್ಲಿ ವಿದ್ಯಾರ್ಥಿವೇತನದ ಹೆಸರು, ಲಾಂಛನ ಬಳಸಬಹುದೇ?

ಉತ್ತರ: ಲಾಂಛನ ಬಳಸಲು ಲಿಖಿತ ಅನುಮತಿ ಪಡೆಯಿರಿ. ವಿದ್ಯಾರ್ಥಿವೇತನ ಯಾವುದಾದರೂ ಸರ್ಕಾರದ್ದಾಗಿದ್ದರೆ ನಿಮ್ಮ ಬೇಡಿಕೆಯನ್ನು ಜನರು ಆ ಸರ್ಕಾರದ್ದೇ ಎಂದು ತಿಳಿಯುವ ಸಾಧ್ಯತೆಯಿದೆ. ಸಹಿಯ ಕೆಳಗೆ ನಿಮ್ಮ ಹೆಸರು ಮತ್ತು ವೃತ್ತಿ ಇದ್ದರೆ ಸಾಕು.