ಶರತ್ಕಾಲದ ಎಲೆಗೆ ಯಾವ ಬಣ್ಣ?
ಮಕ್ಕಳ ಚಿತ್ರಕಲೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಎಂಟು ವರ್ಷದ ನನ್ನ ಮಗಳು ಚಿತ್ರಕಲಾ ತರಗತಿಗೆ ಹೋಗುತ್ತಾಳೆ. ಅಕ್ಟೋಬರ್ ತಿಂಗಳಿಗೆಂದು ‘ಶರತ್ಕಾಲ’ ಎಂಬ ವಿಷಯ ಕೊಟ್ಟು, ಚೂಪುಮೂಲೆಯ ಕಿತ್ತಳೆ ಎಲೆಗಳು, ಕಿತ್ತಳೆ ಕುಂಬಳಕಾಯಿ ಮತ್ತು ಬೋಳು ಮರ ಅಚ್ಚಾಗಿರುವ ಹಾಳೆಯನ್ನು ಬಣ್ಣ ತುಂಬಲು ಕಳುಹಿಸಿದ್ದಾರೆ. ನಮ್ಮ ತೋಟದಲ್ಲಿ ಈಗ ಎಲ್ಲವೂ ಹಸಿರಾಗಿದೆ. “ಅಮ್ಮಾ, ಈ ಮರ ಎಲ್ಲಿದೆ?” ಎಂದು ಅವಳು ಕೇಳಿದಾಗ ನನಗೆ ಉತ್ತರ ತೋಚಲಿಲ್ಲ. ಮನೆಯಲ್ಲಿ ನಾನೇ ಏನನ್ನಾದರೂ ಕಲಿಸಬಹುದೇ?
– ಓದುಗರೊಬ್ಬರು, ತುಮಕೂರು ಜಿಲ್ಲೆ

ಉತ್ತರ: ಮಗಳು ಸರಿಯಾದ ಪ್ರಶ್ನೆಯನ್ನೇ ಕೇಳಿದ್ದಾಳೆ. ಆ ಹಾಳೆಯಲ್ಲಿರುವುದು ಮೇಪಲ್ ಎಲೆ. ಅದು ಶೀತದೇಶಗಳ ಮರ; ಅಲ್ಲಿ ಸೆಪ್ಟೆಂಬರ್ ಕಳೆಯುತ್ತಿದ್ದಂತೆ ಹಗಲು ಕುಗ್ಗಿ, ಚಳಿ ಏರಿ, ಎಲೆಗಳು ಬಣ್ಣ ಬದಲಿಸಿ ಉದುರುತ್ತವೆ. ಆ ಕಾಲದ ಇಂಗ್ಲಿಷ್ ಹೆಸರಿಗೆ ನಾವು ‘ಶರತ್ಕಾಲ’ ಎಂಬ ಪದವನ್ನು ಕೊಟ್ಟುಕೊಂಡೆವು, ಗೊಂದಲ ಅಲ್ಲಿಂದ ಹುಟ್ಟಿತು. ನಮ್ಮ ಶರದೃತು ಎಂದರೆ ಆಶ್ವಯುಜ ಮತ್ತು ಕಾರ್ತಿಕ ಮಾಸಗಳು, ಮಳೆ ತೊಳೆದ ಆಕಾಶ ಮತ್ತು ತುಂಬಿದ ಕೆರೆಗಳ ಕಾಲ. ತೇಗ, ಬೂರುಗ, ಮುತ್ತುಗಗಳು ನಮ್ಮಲ್ಲಿ ಬೋಳಾಗುವುದು ಹೆಚ್ಚಾಗಿ ಶಿಶಿರದಲ್ಲಿ, ಅದೂ ಹಿಮಕ್ಕೆ ಹೆದರಿ ಅಲ್ಲ, ಮಣ್ಣಿನಲ್ಲಿ ನೀರು ಕಡಿಮೆಯಾಗುವುದರಿಂದ.

ಇನ್ನೊಂದು ವ್ಯತ್ಯಾಸವನ್ನು ಮಗಳಿಗೆ ತೋರಿಸಿ. ಅಲ್ಲಿ ಕೆಂಪಾದ ಎಲೆ ಉದುರಲಿರುವ ಎಲೆ; ನಮ್ಮ ಮಾವಿನಲ್ಲಿ, ಅರಳಿಯಲ್ಲಿ ತಾಮ್ರದ ಕೆಂಪಿನಲ್ಲಿರುವುದು ಆಗತಾನೆ ಚಿಗುರಿದ ಎಲೆ. ರಸ್ತೆ ಬದಿಯಲ್ಲಿ ನೆಡುವ ಕಾಡುಬಾದಾಮಿ ಮರ ಮಾತ್ರ ಇದಕ್ಕೆ ಹೊರತು. ಅದರ ಅಗಲವಾದ ಎಲೆಗಳು ಉದುರುವ ಮುನ್ನ ಚೆನ್ನಾಗಿ ಕೆಂಪೇರುತ್ತವೆ. ಚಳಿಗಾಲದಲ್ಲಿ ಅಂಥ ಒಂದು ಎಲೆ ಸಿಕ್ಕರೆ ಪುಸ್ತಕದೊಳಗೆ ಒತ್ತಿಟ್ಟುಕೊಳ್ಳಿ, ಆ ಕಿತ್ತಳೆ ಹಾಳೆಯನ್ನು ಆಗ ಬಿಡಿಸಿದರೆ ಅದಕ್ಕೆ ಅರ್ಥವಿರುತ್ತದೆ.

ಈಗ ಬಿಡಿಸಬೇಕಾದದ್ದು ಏನು? ನಾನಾದರೆ ಆಕಾಶದಿಂದ ಆರಂಭಿಸುತ್ತೇನೆ. ನಿಮ್ಮ ಭಾಗದಲ್ಲಿ ಚಿತ್ತೆ, ಸ್ವಾತಿ ಮಳೆಗಳು ಇನ್ನೂ ಸುರಿಯುತ್ತವೆಯಾದರೂ, ಎರಡು ಮಳೆಗಳ ನಡುವಿನ ಬಿಡುವಿನಲ್ಲಿ ಧೂಳು ತೊಳೆದುಹೋದ ಆಕಾಶದ ನೀಲಿ ವರ್ಷದ ಬೇರೆ ತಿಂಗಳುಗಳಲ್ಲಿ ಕಾಣುವುದು ಅಪರೂಪ. ಮಕ್ಕಳು ಸಾಮಾನ್ಯವಾಗಿ ಹಾಳೆಯ ಮೇಲ್ತುದಿಯಲ್ಲಿ ನೀಲಿಯ ಒಂದು ಪಟ್ಟಿ ಎಳೆದು ಆಕಾಶ ಮುಗಿಯಿತೆನ್ನುತ್ತಾರೆ. ಬಯಲಿನಲ್ಲಿ ನಿಲ್ಲಿಸಿ, ನೆತ್ತಿಯ ಮೇಲಿನ ನೀಲಿಯನ್ನೂ ದಿಗಂತದ ಬಳಿಯ ನೀಲಿಯನ್ನೂ ಹೋಲಿಸಿ ನೋಡಲು ಹೇಳಿ. ಕೆಳಗಿಳಿದಂತೆ ಅದು ತಿಳಿಯಾಗುವುದನ್ನು ಮಗು ತಾನೇ ಕಂಡುಕೊಳ್ಳುತ್ತದೆ. ಆಮೇಲೆ ದಪ್ಪ ಹಾಳೆಯನ್ನು ನೀರಿನಿಂದ ಒದ್ದೆ ಮಾಡಿ, ಮೇಲಿನಿಂದ ಗಾಢ ನೀಲಿಯನ್ನು ಆರಂಭಿಸಿ, ಪ್ರತಿ ಅಡ್ಡ ಗೀಟಿಗೂ ಬಣ್ಣ ಕಡಿಮೆ ಮಾಡಿ ನೀರು ಹೆಚ್ಚಿಸುತ್ತ ಬರಲಿ. ಬಣ್ಣ ಹಸಿಯಾಗಿರುವಾಗಲೇ ಹತ್ತಿಯ ಉಂಡೆಯಿಂದ ಅಲ್ಲಲ್ಲಿ ಒತ್ತಿ ತೆಗೆದರೆ ಬಿಳಿಯ ಮೋಡಗಳು ಮೂಡುತ್ತವೆ. ಮೈಸೂರಿನ ಕಲಾವಿದ ಕೆ. ವೆಂಕಟಪ್ಪನವರು (1886–1965) ಊಟಿಯ ಬೆಟ್ಟ, ಮಂಜು, ಮೋಡಗಳನ್ನು ಜಲವರ್ಣದಲ್ಲಿ ಹೇಗೆ ತಂದಿದ್ದಾರೆಂಬುದನ್ನು ಮಗಳಿಗೆ ಒಮ್ಮೆ ತೋರಿಸಿ. ನಕಲು ಮಾಡಲಿಕ್ಕಲ್ಲ, ಆಕಾಶವನ್ನು ನೋಡುತ್ತ ಕೂರುವುದು ದೊಡ್ಡವರ ಕೆಲಸವೂ ಹೌದೆಂದು ತಿಳಿಯಲಿಕ್ಕೆ.

ಕುಂಬಳಕಾಯಿಯನ್ನು ಬಿಡಬೇಕಾಗಿಲ್ಲ, ಆಯುಧಪೂಜೆಗೆ ತಂದ ಬೂದುಗುಂಬಳವನ್ನು ಒಡೆಯುವ ಮುನ್ನ ಒಂದು ಗಂಟೆ ಮಗಳ ಮುಂದಿಡಿ. ಮೈಮೇಲಿನ ಬೂದಿಯಂಥ ಪುಡಿಯ ಮೇಲೆ ಅವಳು ಬೆರಳಿನಿಂದ ಒಂದು ಗೆರೆ ಎಳೆಯಲಿ, ಅಡಿಯ ಹಸಿರು ಹೊಳೆಯುತ್ತದೆ. ಅದನ್ನೇ ಹಾಳೆಯ ಮೇಲೆ ಮಾಡಬಹುದು: ಹಸಿರು ಮೇಣದ ಬಳಪದಿಂದ ಕಾಯಿಯನ್ನು ತುಂಬಿ, ಮೇಲೆ ಬಿಳಿ ಬಳಪವನ್ನು ಒತ್ತಿ ಉಜ್ಜಿ, ಬಳಿಕ ಬೆಂಕಿಕಡ್ಡಿಯ ತುದಿಯಿಂದ ಗೀರಿದರೆ ಕೆಳಗಿನ ಹಸಿರು ಇಣುಕುತ್ತದೆ. ನಿಮ್ಮ ಕಡೆ ರಾಗಿ ಹೊಲದ ನಡುವೆ ಅಕ್ಕಡಿ ಸಾಲಾಗಿ ಹುಚ್ಚೆಳ್ಳು ಬಿತ್ತಿದ್ದರೆ, ಆ ಹಳದಿ ಹೂವಿನ ಸಾಲುಗಳು ಸಿದ್ಧವಾದ ಇನ್ನೊಂದು ಚಿತ್ರ. ಮುಷ್ಟಿ ಕಟ್ಟಿದಂತಿರುವ ಒಂದೇ ಒಂದು ರಾಗಿ ತೆನೆಯನ್ನು ಹಾಳೆಯ ತುಂಬ ದೊಡ್ಡದಾಗಿ ಬಿಡಿಸಿದರೂ ಆದೀತು.

ಒಂದು ಎಚ್ಚರಿಕೆ. ಎಂಟು ವರ್ಷದ ಮಗು ಎಲ್ಲವನ್ನೂ ಒಂದೇ ನೆಲಗೆರೆಯ ಮೇಲೆ ಸಾಲಾಗಿ ನಿಲ್ಲಿಸುತ್ತದೆ, ತನಗೆ ಮುಖ್ಯವೆನಿಸಿದ ಚೆಂಡುಹೂವನ್ನು ಮನೆಗಿಂತ ದೊಡ್ಡದಾಗಿ ಬಿಡಿಸುತ್ತದೆ. ಮಕ್ಕಳ ಚಿತ್ರಗಳನ್ನು ದೀರ್ಘಕಾಲ ಅಧ್ಯಯನ ಮಾಡಿದ ವಿಕ್ಟರ್ ಲೋವೆನ್‌ಫೆಲ್ಡ್ ಇದನ್ನು ಸುಮಾರು ಏಳರಿಂದ ಒಂಬತ್ತು ವರ್ಷದವರ ಸಹಜ ಹಂತವೆಂದು ಗುರುತಿಸಿದರು. ಹಾಗಾಗಿ ದೂರದ ಸಾಲು ಚಿಕ್ಕದಾಗಬೇಕೆಂದು ಈಗಲೇ ತಿದ್ದಬೇಡಿ, “ಎಲೆಯ ಅಂಚು ನುಣುಪೋ, ಗರಗಸದಂತಿದೆಯೋ?” ಎಂದು ಕೇಳಿ ಸುಮ್ಮನಿರಿ.

ಪ್ರಶ್ನೆ: ನಾವು ಬಾಸ್ಟನ್ ಸಮೀಪ ನೆಲೆಸಿದ್ದೇವೆ. ಇಲ್ಲಿ ಈಗ ಬೀದಿಯ ತುಂಬ ಮೇಪಲ್ ಎಲೆಗಳು. ಆದರೆ ಆರು ವರ್ಷದ ಮಗ ಎಲ್ಲ ಎಲೆಗಳಿಗೂ ಒಂದೇ ಕಿತ್ತಳೆ ಬಳಿದು ಎದ್ದುಬಿಡುತ್ತಾನೆ. ಬಣ್ಣ ಬೆರೆಸುವುದನ್ನು ಹೇಗೆ ಕಲಿಸಲಿ?
– ಓದುಗರೊಬ್ಬರು, ಮ್ಯಾಸಚೂಸೆಟ್ಸ್

ಉತ್ತರ: ನಿಮಗೆ ಪಾಠದ ಸಾಮಗ್ರಿ ಬಾಗಿಲಲ್ಲೇ ಬಿದ್ದಿದೆ. ಮೊದಲು ಬಣ್ಣವಿಲ್ಲದೆ ಒಂದು ಆಟ ಆಡಿ: ಹತ್ತು ಎಲೆಗಳನ್ನು ಹೆಕ್ಕಿ ತಂದು, ಹಸಿರಿನಿಂದ ಕಂದಿನವರೆಗೆ ಸಾಲಾಗಿ ಜೋಡಿಸಲು ಮಗನಿಗೆ ಹೇಳಿ. ಯಾವ ಎಲೆ ಎಲ್ಲಿ ಕೂರಬೇಕೆಂದು ವಾದಿಸುವಷ್ಟರಲ್ಲಿ ಕಿತ್ತಳೆ ಒಂದೇ ಅಲ್ಲವೆಂಬುದು ಅವನ ಕಣ್ಣಿಗೆ ಬಿದ್ದಿರುತ್ತದೆ.

ಬಣ್ಣ ಹಚ್ಚುವ ಕ್ರಮವನ್ನು ಎಲೆಯಿಂದಲೇ ಕಲಿಯಬಹುದು. ಹಳದಿ ಬೇಸಿಗೆಯಲ್ಲೂ ಎಲೆಯೊಳಗೆ ಇದ್ದೇ ಇರುತ್ತದೆ, ಪತ್ರಹರಿತ್ತಿನ ಹಸಿರು ಅದನ್ನು ಮುಚ್ಚಿಟ್ಟಿರುತ್ತದೆ. ಹಸಿರು ಕರಗಿದಾಗ ಹಳದಿ ಬಯಲಾಗುತ್ತದೆ. ಮೇಪಲ್‌ನ ಕೆಂಪು ಮಾತ್ರ ಬಹುಪಾಲು ಆ ದಿನಗಳಲ್ಲೇ ಹೊಸದಾಗಿ ಉತ್ಪತ್ತಿಯಾಗುವಂಥದ್ದು. ಆದ್ದರಿಂದ ಮಗ ಎಲೆಯ ಆಕಾರಕ್ಕೆಲ್ಲ ಮೊದಲು ಹಳದಿ ಹಚ್ಚಲಿ, ನರಗಳ ಬದಿಯಲ್ಲಿ ಎಲ್ಲಿ ಹಸಿರು ಉಳಿದಿದೆಯೋ ಅಲ್ಲಿ ಮಾತ್ರ ಹಸಿರು ಸೇರಿಸಲಿ, ಕೊನೆಗೆ ಅಂಚಿನಿಂದ ಒಳಕ್ಕೆ ಕೆಂಪನ್ನು ತರಲಿ. ಹಳದಿಯ ಮೇಲೆ ಕೆಂಪು ಹಾಯ್ದಲ್ಲಿ ಕಿತ್ತಳೆ ತಾನಾಗಿ ಹುಟ್ಟುತ್ತದೆ. ಪೆಟ್ಟಿಗೆಯ ಕಿತ್ತಳೆ ಕಡ್ಡಿಯನ್ನು ಆ ದಿನ ಬಚ್ಚಿಟ್ಟರೆ ತಪ್ಪಿಲ್ಲ. ನರಗಳು ಎದ್ದು ಕಾಣಬೇಕಾದರೆ ಅವನ್ನು ಮೊದಲೇ ಬಿಳಿ ಮೇಣದ ಬಳಪದಿಂದ ಗಟ್ಟಿಯಾಗಿ ಎಳೆದು ಮೇಲೆ ಜಲವರ್ಣ ಹರಿಸಿ, ಮೇಣ ನೀರನ್ನು ಹತ್ತಿರ ಬಿಡುವುದಿಲ್ಲ. ಮುಂದಿನ ಬೇಸಿಗೆ ರಜೆಗೆ ಊರಿಗೆ ಬಂದಾಗ ಒಂದು ಅರಳಿ ಎಲೆಯನ್ನೂ ಇದೇ ಕ್ರಮದಲ್ಲಿ ಬಿಡಿಸಲಿ.

ಪ್ರಶ್ನೆ: ನಾನು ಸರ್ಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ನಲವತ್ತು ಮಕ್ಕಳಿಗೆ ಎರಡೇ ಪೆಟ್ಟಿಗೆ ಬಣ್ಣಗಳಿವೆ. ದಸರಾ ರಜೆ ಮುಗಿದ ಮೇಲೆ ಎಲೆಗಳ ಚಿತ್ರ ಮಾಡಿಸಬೇಕೆಂದಿದ್ದೇನೆ.
– ಓದುಗರೊಬ್ಬರು, ಕೊಪ್ಪಳ ಜಿಲ್ಲೆ

ಉತ್ತರ: ವಿಜಯದಶಮಿಯಂದು ಬನ್ನಿ ಹಂಚಿಕೊಂಡ ಮಕ್ಕಳ ಬಳಿ ಆ ಎಲೆಗಳಿನ್ನೂ ಇರುತ್ತವೆ, ಅವನ್ನೂ ಬೇವು, ಹೊಂಗೆ, ಅರಳಿ ಎಲೆಗಳನ್ನೂ ತರಲು ಹೇಳಿ. ಎಲೆಯ ಬೆನ್ನಿನ ನರಗಳು ಮೇಲೆ ಬರುವಂತಿಟ್ಟು, ತೆಳುವಾದ ಹಾಳೆ ಹೊದಿಸಿ, ಮುರಿದ ಬಳಪವನ್ನು ಅಡ್ಡ ಹಿಡಿದು ಉಜ್ಜಿದರೆ ಎಲೆ ಮೂಡುತ್ತದೆ. ಬನ್ನಿಯ ಪುಟ್ಟ ಎಲೆಗಳು ಮಾತ್ರ ಇದಕ್ಕೆ ಒಗ್ಗುವುದಿಲ್ಲ, ಅವನ್ನು ನೋಡಿಯೇ ಬಿಡಿಸಬೇಕು.

ಬಣ್ಣಕ್ಕೆ ಅರಿಶಿನ, ಇದ್ದಿಲು, ಸೋಸಿದ ಕೆಮ್ಮಣ್ಣು ಸಾಕು. ಮಣ್ಣು ಮತ್ತು ಇದ್ದಿಲ ಪುಡಿಗಳನ್ನು ಮೈದಾ ಗಂಜಿಯಲ್ಲಿ ಕಲಸಿದರೆ ಹಾಳೆಗೆ ಅಂಟಿಕೊಳ್ಳುತ್ತವೆ. ಕೆಂಪು ಬೇಕೆಂದರೆ ಆರತಿಯ ನೀರನ್ನು ನೆನಪಿಸಿಕೊಳ್ಳಿ. ಅರಿಶಿನದ ನೀರು ಬಳಿದು ಒಣಗಿಸಿದ ಹಾಳೆಯ ಮೇಲೆ ಸುಣ್ಣದ ತಿಳಿನೀರಿನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಎಲೆ ಬರೆದರೆ ಅದು ಕೆಂಪಾಗಿ ಏಳುತ್ತದೆ. ಅದೇ ಕೆಂಪಿನ ಮೇಲೆ ನಿಂಬೆರಸದ ಹನಿ ತಾಗಿಸಿದರೆ ಮತ್ತೆ ಹಳದಿ ಚುಕ್ಕೆ. ಸುಣ್ಣ ಕಣ್ಣಿಗೆ ಅಪಾಯಕಾರಿ, ಆದ್ದರಿಂದ ತಿಳಿಯನ್ನು ನೀವೇ ಬಸಿದು ಸಣ್ಣ ಮುಚ್ಚಳಗಳಲ್ಲಿ ಹಂಚಿ, ಕೊನೆಯಲ್ಲಿ ಎಲ್ಲರ ಕೈ ತೊಳೆಸಿ. ಅರಿಶಿನದ ಬಣ್ಣ ಬಿಸಿಲಿಗೆ ಬೇಗ ಮಾಸುವುದರಿಂದ ಚಿತ್ರಗಳನ್ನು ಕಿಟಕಿಯ ಎದುರು ತೂಗುಹಾಕಬೇಡಿ.