ಲೋಮೆಯ ಕ್ಷಮಾದಾನ: ಸಂಪಾದಕರ ಉತ್ತರ

ಮಾನ್ಯರೇ,

ಪಶ್ಚಿಮ ಆಫ್ರಿಕಾದ ಸಿಯೆರಾ ಲಿಯೋನ್‌ನ ಅಂತರ್ಯುದ್ಧದ ಬಗ್ಗೆ ನಾವು ಪ್ರಕಟಿಸಿದ ಲೇಖನ ಓದಿ ನೀವು ಹಾವೇರಿಯಿಂದ ಬರೆದ ಪತ್ರ ತಲುಪಿತು. ‘ಬಂದೂಕು ಕೆಳಗಿಟ್ಟರೆ ಕೇಸಿಲ್ಲ ಎಂದು ಸಹಿ ಹಾಕಿ, ಆಮೇಲೆ ಜೈಲಿಗೆ ತಳ್ಳಿದ್ದು ವಚನಭಂಗ. ಹೀಗಾದರೆ ನಾಳೆ ಯಾವ ಬಂಡುಕೋರ ಮಾತುಕತೆಗೆ ಬಂದಾನು?’ ಎಂದು ಕೇಳಿದ್ದೀರಿ. ಎರಡು ಸಾಲಿನಲ್ಲಿ ಮುಗಿಸುವ ಪ್ರಶ್ನೆಯಲ್ಲ ಇದು.

ಮೊದಲು ಆ ಸಹಿಯ ಸಂಗತಿ. 1999ರ ಜುಲೈ 7ರಂದು ಟೋಗೋದ ಲೋಮೆಯಲ್ಲಿ ಸರ್ಕಾರ ಮತ್ತು ಬಂಡುಕೋರರ ನಡುವೆ ಆದ ಒಪ್ಪಂದ ಬಂಡಾಯದ ನಾಯಕ ಫೋಡೆ ಸಂಕೋಗೆ ಸಂಪೂರ್ಣ ಕ್ಷಮೆ ಕೊಟ್ಟಿತು. ಜೊತೆಗೆ ಉಪಾಧ್ಯಕ್ಷರ ದರ್ಜೆ, ದೇಶದ ವಜ್ರ ಸಂಪತ್ತನ್ನು ನೋಡಿಕೊಳ್ಳುವ ಆಯೋಗದ ಅಧ್ಯಕ್ಷಗಿರಿ. ಹಳ್ಳಿಗರ ಕೈ ಕಡಿದ ಪಡೆಯ ನಾಯಕನಿಗೆ! ಆದರೆ ನರಮೇಧ, ಯುದ್ಧಾಪರಾಧ, ಮಾನವತೆಯ ವಿರುದ್ಧದ ಅಪರಾಧಗಳಿಗೆ ಈ ಕ್ಷಮೆ ಅನ್ವಯಿಸದು ಎಂದು ವಿಶ್ವಸಂಸ್ಥೆಯ ಪ್ರತಿನಿಧಿ ಫ್ರಾನ್ಸಿಸ್ ಒಕೆಲೊ ಸಹಿ ಹಾಕುವಾಗಲೇ ಹೇಳಿದ್ದರು.

ಮುಂದಿನ ಮೇ ತಿಂಗಳಲ್ಲೇ ಸಂಕೋನ ಪಡೆ ವಿಶ್ವಸಂಸ್ಥೆಯ ಸುಮಾರು 500 ಶಾಂತಿಪಾಲಕರನ್ನು ಒತ್ತೆಯಾಗಿ ಹಿಡಿಯಿತು. ಕೈಲಾಹುನ್‌ನಲ್ಲಿ ದಿಗ್ಬಂಧನಕ್ಕೊಳಗಾದ ನಮ್ಮ ಗೂರ್ಖಾ ಸೈನಿಕರು ಪಾರಾಗಲು ಜುಲೈನ ‘ಆಪರೇಷನ್ ಖುಕ್ರಿ’ ಎಂಬ ಸೇನಾ ಕಾರ್ಯಾಚರಣೆಯೇ ಬೇಕಾಯಿತು. ವಚನಭಂಗದ ಲೆಕ್ಕವನ್ನು ಇಲ್ಲಿಂದ ಹಿಡಿಯಬೇಕು. ಸಿಯೆರಾ ಲಿಯೋನ್ ಅಧ್ಯಕ್ಷ ಕಬ್ಬಾ ವಿಶ್ವಸಂಸ್ಥೆಗೆ ಪತ್ರ ಬರೆದು ನ್ಯಾಯಾಲಯ ಬೇಕೆಂದು ಕೇಳಿದ್ದು ಶಾಂತಿಪಾಲಕರನ್ನು ಹೀಗೆ ಒತ್ತೆ ಹಿಡಿದ ಮೇಲೆ, ಜೂನ್‌ನಲ್ಲಿ.

ಸಂಕೋ ಮಾತು ಉಳಿಸಿಕೊಂಡಿದ್ದರೂ ವಿಚಾರಣೆ ಸರಿಯೇ ಎಂಬುದು ನನ್ನ ನಿಲುವು. ತನ್ನ ವಿರುದ್ಧ ದಂಗೆ ಎದ್ದವರನ್ನು ಸರ್ಕಾರ ಕ್ಷಮಿಸಲಿ. ಅಂತರ್ಯುದ್ಧ ಮುಗಿದಾಗ ಉದಾರವಾಗಿ ಕ್ಷಮಿಸಿ ಎಂದು ಜಿನೀವಾ ಒಪ್ಪಂದಗಳ 1977ರ ಎರಡನೇ ಪೂರಕ ಒಡಂಬಡಿಕೆಯೇ ಹೇಳುತ್ತದೆ. ಆದರೆ ಕೈ ಕಳೆದುಕೊಂಡವಳ ಪರವಾಗಿ, ಬಂದೂಕು ಹೊರಿಸಲಾದ ಮಗುವಿನ ಪರವಾಗಿ ಕ್ಷಮಿಸುವ ಅಧಿಕಾರ ಅಧ್ಯಕ್ಷರಿಗೆ ಕೊಟ್ಟವರು ಯಾರು? ಇಂಥ ಕೃತ್ಯಗಳಿಗೆ ಮಾಡಿದವನೇ, ಮಾಡಿಸಿದವನೇ ವೈಯಕ್ತಿಕವಾಗಿ ಹೊಣೆ ಎಂಬ ತತ್ವ, ಎರಡನೇ ಮಹಾಯುದ್ಧದ ನಂತರ ನಾಜಿ ನಾಯಕರ ವಿಚಾರಣೆ ನಡೆದ ನ್ಯೂರೆಂಬರ್ಗ್‌ನಿಂದ ನಿಂತಿದೆ. ಕಬ್ಬಾ ಕೇಳಿದಂತೆ ಸ್ಥಾಪನೆಯಾದ ಸಿಯೆರಾ ಲಿಯೋನ್ ವಿಶೇಷ ನ್ಯಾಯಾಲಯದ ಮೇಲ್ಮನವಿ ಪೀಠವೂ 2004ರ ಮಾರ್ಚ್ 13ರಂದು, ಲೋಮೆಯ ಕ್ಷಮೆ ತನ್ನಂಥ ಅಂತರರಾಷ್ಟ್ರೀಯ ನ್ಯಾಯಾಲಯವನ್ನು ಕಟ್ಟಿಹಾಕದು ಎಂದಿತು. ಇಂಥ ಕ್ಷಮಾದಾನವನ್ನು ಸಾರಾಸಗಟಾಗಿ ನಿಷೇಧಿಸುವ ನಿಯಮ ಆಗಲೇ ಗಟ್ಟಿಯಾಗಿತ್ತೆಂದು ಪೀಠ ಹೇಳಲಿಲ್ಲ. ರೂಪುಗೊಳ್ಳುತ್ತಿದೆ ಎಂದಷ್ಟೇ ಹೇಳಿತು.

ಕಟಕಟೆ ಸೋತವರಿಗೆ ಮಾತ್ರ ಮೀಸಲಾಗಿರಲಿಲ್ಲ. ಸರ್ಕಾರದ ಪರ ಹೋರಾಡಿದ ಪಡೆಯ ನಾಯಕ, ಸ್ವತಃ ಮಂತ್ರಿಯಾಗಿದ್ದ ಹಿಂಗಾ ನಾರ್ಮನ್ ಕೂಡ ವಿಚಾರಣೆ ಎದುರಿಸಿದರು. ತೀರ್ಪಿಗೆ ಮೊದಲೇ, 2007ರಲ್ಲಿ ತೀರಿಕೊಂಡರು. ಸಂಕೋ 2003ರಲ್ಲೇ ಸತ್ತಿದ್ದ. ಆರೋಪ ಹೊತ್ತವರು ಒಟ್ಟು 13 ಜನ. ಸಾವಿರಾರು ಸಾಮಾನ್ಯ ಹೋರಾಟಗಾರರು ಆಯುಧ ಒಪ್ಪಿಸಿ ಊರಿಗೆ ಹೋದರು. ಅವರ ಮಟ್ಟಿಗೆ ನೀವು ಹೇಳುವ ವಚನ ಉಳಿಯಿತು.

ಇನ್ನು, ಮಾತುಕತೆಗೆ ಯಾರು ಬರುತ್ತಾರೆ ಎಂಬುದು. ಸಂಕೋನ ಬಂಡುಕೋರರಿಗೆ ನೆರವಾದ ನೆರೆಯ ಲೈಬೀರಿಯಾದ ಅಧ್ಯಕ್ಷ ಚಾರ್ಲ್ಸ್ ಟೇಲರ್ 2003ರ ಜೂನ್‌ನಲ್ಲಿ ತನ್ನ ದೇಶದ ಅಂತರ್ಯುದ್ಧ ಕುರಿತ ಶಾಂತಿ ಮಾತುಕತೆಗೆಂದು ಘಾನಾದ ಅಕ್ರಾಕ್ಕೆ ಹೋದ ದಿನವೇ ಇದೇ ನ್ಯಾಯಾಲಯದಲ್ಲಿ ಅವನ ಮೇಲಿದ್ದ ದೋಷಾರೋಪ ಬಹಿರಂಗವಾಯಿತು. ಮಾತುಕತೆ ಮುರಿದುಬೀಳುತ್ತದೆ ಎಂಬ ಭಯವಿತ್ತು, ಲೈಬೀರಿಯಾದ ರಾಜಧಾನಿ ಮೊನ್ರೋವಿಯಾದಲ್ಲಿ ಕಾಳಗವೂ ಬಿರುಸಾಯಿತು. ಆದರೂ ಆಗಸ್ಟ್‌ನಲ್ಲಿ ಟೇಲರ್ ಅಧಿಕಾರ ಬಿಟ್ಟ, ಅದೇ ತಿಂಗಳು ಒಪ್ಪಂದವಾಯಿತು. ಅವನಿಗೆ ಆಶ್ರಯ ಕೊಟ್ಟಿದ್ದ ನೈಜೀರಿಯಾ 2006ರಲ್ಲಿ ಕೈಬಿಟ್ಟಿತು. ನಿಮ್ಮ ಅಳುಕಿಗೆ ನಿಜವಾದ ಆಧಾರವಿರುವುದು ಲೋಮೆಗಿಂತ ಈ ಪ್ರಸಂಗದಲ್ಲಿ. ಆದರೂ 2012ರಲ್ಲಿ ಅವನಿಗೆ ವಿಧಿಸಿದ 50 ವರ್ಷಗಳ ಶಿಕ್ಷೆಯನ್ನು ಅನ್ಯಾಯವೆನ್ನಲು ನನಗೆ ಮನಸ್ಸು ಬಾರದು.

— ಸಂಪಾದಕ